ಗೆಳತಿ ಬರೆದ ನಲವತ್ತು ಸಾಲುಗಳು

ನನ್ನ ಗೆಳತಿಗೆ ಲಕ್ವ ಹೊಡೆದಾಗ ನಾವಿಬ್ಬರೂ ಫೋನಿನಲ್ಲಿದ್ದೆವು. ಬೆಳಗಿನ ಹೊತ್ತು. ಅವಳು ಹರಿಹರದ ತನ್ನ ಅಡುಗೆಮನೆಯಲ್ಲಿ, ನಾನು ದಾವಣಗೆರೆಯ ಶಾಮನೂರಿನ ಕಡೆ ಹೊಸ ಬಡಾವಣೆಯಲ್ಲಿರುವ ನಮ್ಮ ಮನೆಯ ಮೆಟ್ಟಿಲ ಮೇಲೆ. ಫೋನನ್ನು ಸ್ಪೀಕರಿಗೆ ಹಾಕಿ ರೊಟ್ಟಿ ಬಡಿಯುತ್ತಾ ಮಾತಾಡುವುದು ಅವಳ ಅಭ್ಯಾಸ. ಅವತ್ತಿನ ಕೆಲಸದ ಬಗ್ಗೆ ಹೇಳುತ್ತಿದ್ದಳು.

"ನೋಡೇ, ಆ ಟೆಸ್ಟ್ ಮೊದ್ಲು ನೀ ಓಡಿಸು. ಆಮೇಲೆ ನಾ..." ಅಂದವಳು ನಿಂತಳು. "ನಾ... ಆ ನಾ..." ಅಂದಳು. ಬಾಯಲ್ಲಿ ಏನೋ ಬಿಸಿ ಇಟ್ಟುಕೊಂಡವರ ಹಾಗೆ ತೊದಲಿದಳು. ಆಮೇಲೆ ಪಾತ್ರೆ ಉರುಳಿದ ಸದ್ದು, ಅದರ ಹಿಂದೆಯೇ ಅವಳ ಅತ್ತೆಯ ಚೀರು: "ಏ ತಾಯಿ, ಏನಾತೇ ನಿಂಗೆ! ಮುಖ ಯಾಕ ಹಂಗಾತು!"

ನಾನು ಆ ಫೋನು ಇಟ್ಟು ಅವಳ ಗಂಡನಿಗೆ ಮಾಡಿದೆ. ಅವರದು ಹರಿಹರದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ. "ಅಣ್ಣಾರೆ, ಅಂಗಡಿ ಬಿಟ್ಟು ಮನೆಗೆ ಓಡ್ರಿ" ಎಂದಷ್ಟೇ ಹೇಳಿದೆ.

ದಾವಣಗೆರೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆತಂದರು. ನಾನು ಗೇಟಿನ ಹತ್ತಿರವೇ ಕಾಯುತ್ತಿದ್ದೆ. ಕಾರಿನ ಹಿಂದಿನ ಸೀಟಿನಲ್ಲಿ ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಬಲಗೈಯ ಬೆರಳುಗಳಿಗೆ ಅಂಟಿದ್ದ ಜೋಳದ ಹಿಟ್ಟು ಒಣಗಿ ಬಿರುಕುಬಿಟ್ಟಿತ್ತು. ಅವಳು ನನ್ನನ್ನು ನೋಡಿದಳು. ಗುರುತು ಹಿಡಿದಳು, ಅದು ಕಣ್ಣಲ್ಲೇ ಗೊತ್ತಾಯಿತು. ಆದರೆ ಬಾಯಿಂದ ಏನೂ ಬರಲಿಲ್ಲ.

ಜೀವ ಉಳಿಯಿತು. ಬಲಗಾಲು ನಿಧಾನವಾಗಿ ನೆಲ ಊರುವಂತಾಯಿತು, ಬಲಗೈ ಎದೆಗೆ ಅಂಟಿಕೊಂಡೇ ಉಳಿಯಿತು. ಮಾತು ಹೋಗಿತ್ತು. ಮಿದುಳಿನಲ್ಲಿ ಮಾತು ಹುಟ್ಟುವ ಜಾಗಕ್ಕೇ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. "ಅವರಿಗೆ ಎಷ್ಟು ಅರ್ಥ ಆಗ್ತೈತೆ, ಎಷ್ಟು ಆಗಲ್ಲ ಅಂತ ಈಗ್ಲೇ ಹೇಳಾಕ ಬರಲ್ಲರಿ. ಕಾಯ್ಬೇಕು." ನಮ್ಮ ವಯಸ್ಸಿಗೆ ಇದೆಲ್ಲ ಬರುತ್ತದೆಂದು ನಾನು ಎಣಿಸಿರಲಿಲ್ಲ. ಇಬ್ಬರಿಗೂ ಆಗಷ್ಟೇ ನಲವತ್ತು ದಾಟಿತ್ತು.

ನಾವಿಬ್ಬರೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾನು ದಾವಣಗೆರೆಯ ಆನೆಕೊಂಡದವಳು, ಅವಳು ಆನಗೋಡಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಓದು ಮುಗಿದ ಮೇಲೆ ಅವರಿವರ ಕೈಕೆಳಗೆ ದುಡಿದು, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಹಾಕಿ, ಕೊನೆಗೆ ಇಬ್ಬರೂ ಸೇರಿ ನಮ್ಮದೇ ಕೆಲಸ ಶುರು ಮಾಡಿದೆವು. ಆಫೀಸು ಅಂತ ಇರಲಿಲ್ಲ. ಅವಳ ಮನೆಯ ಮೇಲಿನ ಕೋಣೆ ಮತ್ತು ನಮ್ಮ ಮನೆಯ ಊಟದ ಮೇಜು, ಅಷ್ಟೇ. ನಾವು ಬರೆಯುತ್ತಿದ್ದದ್ದು ಬೇರೆ ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಕೂತು ಕೆಲಸ ಮಾಡುವ ಒಂದು ಸಣ್ಣ ಲೈಬ್ರರಿ. ಪ್ರೋಗ್ರಾಮಿಗೆ ಪುಟ್ಟ ಪುಟ್ಟ ಮೆಮೊರಿ ತುಂಡುಗಳು ಬೇಕಾದಾಗ ಥಟ್ಟನೆ ಎತ್ತಿಕೊಡುವುದು, ಬೇಡವಾದಾಗ ವಾಪಸ್ ಇಟ್ಟುಕೊಳ್ಳುವುದು. ಇದ್ದದ್ದು ಒಂದೇ ಗಿರಾಕಿ, ಅಂಗಡಿ-ಬ್ಯಾಂಕುಗಳ ಮೆಸೇಜುಗಳನ್ನು ಜನರ ಫೋನಿಗೆ ತಲುಪಿಸುವ ಕಂಪನಿ.

ಒಮ್ಮೆ ಅವಳ ಅತ್ತೆ ಮಂಡಕ್ಕಿ ಕಲಸಿ ಕೊಡುತ್ತಾ, "ಅದೇನು ಮಾಡ್ತೀರಿ ಇಬ್ರೂ ದಿನಾ? ನಂಗೂ ಹೇಳ್ರೆ" ಅಂದರು. ಗೆಳತಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಅತ್ತೆ, ಒಂದು ಮನೆಯಾಗೆ ನಾಕು ಸೊಸೇರು, ನಾಕು ಒಲೆ. ಉಪ್ಪಿನ ಡಬ್ಬಿ ಮಾತ್ರ ಒಂದೇ. ಒಬ್ಬಾಕಿ ಡಬ್ಬಿ ತಗಂಡ್ರೆ ಉಳಿದೋರು ಸೌಟು ಹಿಡ್ಕಂಡು ನಿಂದ್ರಬೇಕು. ಅದಕ್ಕೆ ನಾವು ಒಲೆಗೊಂದು ಡಬ್ಬಿ ಇಡ್ತೀವಿ."

"ಇಡ್ರಿ. ಅದ್ರಾಗೇನು ದೊಡ್ಡದು?"

"ತಡೀರಿ. ಆ ಮನೆ ಯಜಮಾನ್ತಿ ಭಾಳ ಗಡಿಬಿಡಿ. ಉಪ್ಪಿಗೆ ಕೈ ಹಾಕಿದ ಸೊಸೇನ ನಡುವೇ ಎಬ್ಬಿಸಿ, ಏ ನೀ ಆ ಒಲೆಗೆ ಹೋಗು ಅಂತಾಳೆ. ಅಷ್ಟರಾಗೆ ಇನ್ನೊಬ್ಬಾಕಿ ಇಲ್ಲಿ ಬಂದು ಅದೇ ಡಬ್ಬಿಗೆ ಕೈ ಹಾಕಿರ್ತಾಳೆ. ಎಲ್ಲಾ ಗಜಿಬಿಜಿ."

"ಆ ಯಜಮಾನ್ತಿ ನಾನೇ ಅಂತೀಯೇನು?" ಎಂದು ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು.

ಅವಳು ಹೇಳಿದ್ದು ಪೂರ್ತಿ ನಿಜ. ಈಗಿನ ಕಂಪ್ಯೂಟರಿನಲ್ಲಿ ಹಲವು ಪ್ರೊಸೆಸರುಗಳಿರುತ್ತವೆ, ಅವೇ ಒಲೆಗಳು. ಒಂದು ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಹಲವು ಕೆಲಸಗಳು ನಡೆಯುತ್ತಿರುತ್ತವೆ, ಅವು ಸೊಸೆಯಂದಿರು. ಯಾರನ್ನು ಯಾವ ಪ್ರೊಸೆಸರಿನ ಮೇಲೆ ಎಷ್ಟು ಹೊತ್ತು ಕೂರಿಸಬೇಕು, ಯಾವಾಗ ಎಬ್ಬಿಸಬೇಕು ಎಂದು ನಿರ್ಧರಿಸುವುದು ಕರ್ನೆಲ್, ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದೇ ಆ ಯಜಮಾನ್ತಿ. ಪ್ರೊಸೆಸರಿಗೊಂದು ಮೆಮೊರಿಯ ಡಬ್ಬಿ ಇಟ್ಟರೆ ಯಾರೂ ಯಾರಿಗೂ ಕಾಯಬೇಕಿಲ್ಲ, ಬೀಗ ಹಾಕಬೇಕಿಲ್ಲ. ಆದರೆ ಡಬ್ಬಿಯಲ್ಲಿ ಕೈಯಿಟ್ಟಾಗಲೇ ಕರ್ನೆಲ್ ಎಬ್ಬಿಸಿದರೆ ಒಂದೇ ತುಂಡು ಇಬ್ಬರ ಪಾಲಾಗಿ ಎಲ್ಲವೂ ಕೆಡುತ್ತದೆ. ಇದಕ್ಕೆ ಕರ್ನೆಲ್ಲೇ ಒಂದು ದಾರಿ ಮಾಡಿಕೊಟ್ಟಿದೆ. ಪ್ರೋಗ್ರಾಮು ಮೊದಲೇ ಹೇಳಿಡಬಹುದು: ಇಲ್ಲಿಂದ ಇಲ್ಲಿಯವರೆಗೆ ನನ್ನ ಪುಟ್ಟ ಕೆಲಸ. ನಡುವೆ ಎಬ್ಬಿಸಿದರೆ ಎಬ್ಬಿಸು, ಆದರೆ ಮರಳಿ ಕರೆತಂದಾಗ ನಡುವೆ ಕೂರಿಸಬೇಡ, ಈ ಬಾಗಿಲಲ್ಲಿ ಬಿಡು, ನಾನು ಮೊದಲಿನಿಂದ ಮಾಡುತ್ತೇನೆ. ಕೊನೆಯ ಒಂದು ಬರಹ ಬೀಳುವವರೆಗೆ ಏನೂ ಆಗಿಲ್ಲವೆಂದೇ ಲೆಕ್ಕ.

ಆ ಪುಟ್ಟ ಕೆಲಸವನ್ನು ಯಂತ್ರಕ್ಕೆ ನೇರವಾಗಿ ತಿಳಿಯುವ ಭಾಷೆಯಲ್ಲೇ ಬರೆಯಬೇಕು. ಅದನ್ನು ಬರೆದವಳು ಅವಳು. ನಲವತ್ತು ಸಾಲುಗಳು. ಉಳಿದ ಸಾವಿರಾರು ಸಾಲುಗಳು ಬಹುಪಾಲು ನನ್ನವು, ಆದರೆ ಜೀವ ಇದ್ದದ್ದು ಆ ನಲವತ್ತರಲ್ಲಿ. ನಾನು ಒಮ್ಮೆ ಅದರೊಳಗೆ ಇಣುಕಲು ಹೋದಾಗ ಅವಳು ತಡೆದಿದ್ದಳು: "ಲೇ, ಇದರೊಳಗೆ ಒಂದೊಂದೇ ಹೆಜ್ಜೆ ನಿಲ್ಲಿಸಿ ನೋಡಾಕ ಹೋಗ್ಬ್ಯಾಡ. ನಿಲ್ಲಿಸಿದ್ರೆ ಕರ್ನೆಲ್ ಅದನ್ನ ಎಬ್ಬಿಸಿದಂಗೇ. ಮತ್ತೆ ಬಾಗಿಲಿಗೆ ಹೋಗಿ ನಿಂದ್ರತೈತೆ. ಜನ್ಮದಾಗೆ ಮುಗಿಯಂಗಿಲ್ಲ."

ಅವಳು ಆಸ್ಪತ್ರೆಯಿಂದ ಹರಿಹರಕ್ಕೆ ಮರಳಿದ ಕೆಲವೇ ವಾರಗಳಲ್ಲಿ ಕಂಪನಿಯವರ ಫೋನು ಬಂತು. ಮಾತಾಡಿದ್ದು ಅಲ್ಲಿನ ಮ್ಯಾನೇಜರು, ನಮಗೆ ಮೊದಲಿನಿಂದ ಪರಿಚಯದವರು. ಗೆಳತಿಗೆ ಹುಷಾರಿಲ್ಲವೆಂದು ಅವರಿಗೆ ಹೇಳಿದ್ದೆ.

"ಮೇಡಂ, ಸರ್ವರುಗಳನ್ನೆಲ್ಲ ಹೊಸ ಸಿಸ್ಟಮ್‌ಗೆ ಬದಲಾಯಿಸಿದ್ವಿ. ಆವತ್ತಿಂದ ನಮ್ಮ ಪ್ರೋಗ್ರಾಮ್ ಸಾಯ್ತಾ ಇದೆ. ಯಾವಾಗ ಅಂತ ಇಲ್ಲ, ಯಾಕೆ ಅಂತ ಇಲ್ಲ. ಸತ್ತ ಜಾಗ ನೋಡಿದ್ರೆ ನಿಮ್ಮ ಲೈಬ್ರರಿ ಒಳಗೇ."

"ಸದ್ಯಕ್ಕೆ ಹಳೇ ಸಿಸ್ಟಮ್‌ಗೆ ವಾಪಸ್ ಹೋಗಾಕ ಆಗಲ್ವಾ ಸರ್?"

"ಆಗಲ್ಲ ಮೇಡಂ. ಹಳೇದಕ್ಕೆ ಭದ್ರತೆಯ ತಿದ್ದುಪಡಿ ಬರೋದು ನಿಂತಿದೆ. ಮೇಲಿನವರು ಬಿಡಲ್ಲ."

ಡಬ್ಬಿಗೆ ಬೀಗ ಹಾಕಿ ಕೆಲಸ ಮಾಡುವ ಹಳೆಯ ಪದ್ಧತಿಯೂ ನಮ್ಮ ಲೈಬ್ರರಿಯಲ್ಲಿತ್ತು. ತಾತ್ಕಾಲಿಕವಾಗಿ ಅದಕ್ಕೆ ತಿರುಗಿಸಲು ಹೇಳಿದೆ. ತಿರುಗಿಸಿದರು. ಪ್ರೋಗ್ರಾಮು ಸಾಯುವುದು ನಿಂತಿತು, ಆದರೆ ಮೆಸೇಜುಗಳು ರಾಶಿ ಬಿದ್ದವು. ಯಾರೋ ಅಂಗಡಿಯಲ್ಲಿ ನಿಂತು ಫೋನು ನೋಡುತ್ತಿರುತ್ತಾರೆ, ಬರಬೇಕಾದ ಓಟಿಪಿ ಅಂಕೆ ಬರುವುದೇ ಇಲ್ಲ. ಎರಡೇ ದಿನಕ್ಕೆ ಮ್ಯಾನೇಜರು ಮತ್ತೆ ಫೋನು ಮಾಡಿ, "ಇದು ಸಾಯೋದಕ್ಕಿಂತ ಕಡೆ ಆಯ್ತು" ಅಂದರು.

ನನ್ನ ಕಂಪ್ಯೂಟರಿನಲ್ಲಿ ಹಳೆಯ ಸಿಸ್ಟಮ್ ಇತ್ತು. ಅದರ ಮೇಲೆ ನಮ್ಮ ಲೈಬ್ರರಿಯನ್ನು ಎಷ್ಟು ಹೊತ್ತು ಓಡಿಸಿದರೂ ಏನೂ ಆಗಲಿಲ್ಲ. ಹೊಸದನ್ನು ಹಾಕಿ ಓಡಿಸಿದೆ. ಒಂಟಿಯಾಗಿ ಓಡಿದರೆ ಸುಮ್ಮನೆ ಓಡುತ್ತದೆ, ಜೊತೆಗೆ ಓಡುವ ಕೆಲಸಗಳ ಗದ್ದಲ ಹೆಚ್ಚಿಸಿದರೆ ಎಲ್ಲೋ ಒಮ್ಮೆ ಥಟ್ಟನೆ ಸಾಯುತ್ತದೆ. ಸತ್ತ ಜಾಗವೆಂದು ಅದು ಕೊಡುವ ವಿಳಾಸ ನೋಡಿದರೆ ಅಲ್ಲಿ ತಪ್ಪಾಗುವಂಥದ್ದು ಏನೂ ಇಲ್ಲ. ನಲವತ್ತು ಸಾಲುಗಳನ್ನು ಓದಿದೆ. ಮತ್ತೆ ಓದಿದೆ. ಬರೆದವಳು ಹದಿನಾಲ್ಕು ಕಿಲೋಮೀಟರು ದೂರದಲ್ಲಿದ್ದಾಳೆ, ಕೇಳಿದರೆ ಒಂದು ನಿಮಿಷದಲ್ಲಿ ಹೇಳಬಲ್ಲವಳು. ಕೇಳುವಂತಿಲ್ಲ. ಅಡುಗೆ ಮಾಡುವಾಗ, ಬಟ್ಟೆ ಒಣಹಾಕುವಾಗ, ನನಗೇ ತಿಳಿಯದೆ ಫೋನು ಕೈಗೆತ್ತಿಕೊಂಡು ಅವಳ ಹೆಸರಿನ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದೆ.

ಕೊನೆಗೆ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವಳ ಗಂಡ. "ಬರ್ರಿ ಅಕ್ಕಾರೆ, ಕೂಡ್ರಿ. ಈಗ ಒಂದು ಮಾತು ಬಂದೈತೆ" ಅಂದರು. ಅವರ ದನಿಯಲ್ಲಿ ಸಂತೋಷವಿತ್ತೋ ಸಂಕಟವಿತ್ತೋ ತಿಳಿಯಲಿಲ್ಲ. ನಾನು ಅದೇನು ಮಾತು ಎಂದು ಕೇಳಲಿಲ್ಲ, ನೇರ ಒಳಗೆ ಹೋದೆ.

ಅವಳು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದಳು. ಕೂದಲನ್ನು ಯಾರೋ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು, ಅವಳು ಎಂದೂ ಹಾಗೆ ಹೆಣೆದುಕೊಂಡವಳಲ್ಲ. ನನ್ನನ್ನು ಕಂಡು ಎಡಗೈ ಚಾಚಿದಳು. ಸ್ವಲ್ಪ ಹೊತ್ತು ಕೈ ಹಿಡಿದು ಕೂತೆ. ಆಮೇಲೆ ನಾಚಿಕೆ ಬಿಟ್ಟು ಲ್ಯಾಪ್‌ಟಾಪು ತೆರೆದು ಅವಳ ತೊಡೆಯ ಮೇಲಿಟ್ಟೆ. ನಲವತ್ತು ಸಾಲುಗಳು ಪರದೆಯ ಮೇಲಿದ್ದವು.

"ಲೇ, ಇದು ಸಾಯ್ತಾ ಐತೆ. ಹೊಸ ಸಿಸ್ಟಮ್ ಮೇಲೆ ಮಾತ್ರ. ನಂಗೆ ತಿಳೀವಲ್ದು. ಎಲ್ಲಿ ನೋಡ್ಬೇಕು, ಅಷ್ಟು ತೋರಿಸು ಸಾಕು."

ಅವಳ ಕಣ್ಣು ಸಾಲುಗಳ ಮೇಲೆ ಓಡಿತು. ಎಡಗೈಯ ತೋರುಬೆರಳು ಎದ್ದು, ನಿಧಾನವಾಗಿ ಹೋಗಿ, ನಡುವಿನ ಒಂದು ಸಾಲಿನ ಮೇಲೆ ನಿಂತಿತು.

"ಅದೇ" ಅಂದಳು.

ಸ್ಪಷ್ಟವಾಗಿ. ತೊದಲದೆ. ಅದು ಯಾವ ಪ್ರೊಸೆಸರಿನ ಮೇಲಿದ್ದೇವೆ ಎಂದು ತಿಳಿದುಕೊಳ್ಳುವ ಸಾಲು. "ಇದಾ? ಈ ನಂಬರ್ ತಪ್ಪು ಬರ್ತೈತಾ?"

"ಅದೇ! ಅದೇ, ಅದೇ!" ಅವಳ ಕಣ್ಣಲ್ಲಿ ನೀರು ತುಂಬಿತು. ನಾನು ಅವಳನ್ನು ತಬ್ಬಿಕೊಂಡೆ. ಅವಳು ಒಳಗೆ ಇದ್ದಾಳೆ, ಪೂರ್ತಿ ಇದ್ದಾಳೆ ಎಂದುಕೊಂಡೆ. ಕಾಫಿಯನ್ನೂ ಕುಡಿಯದೆ ದಾವಣಗೆರೆಗೆ ಓಡಿ ಬಂದೆ.

ಆ ವಾರವೆಲ್ಲ ಆ ಒಂದೇ ಸಾಲಿನ ಹಿಂದೆ ಬಿದ್ದೆ. ಪ್ರೊಸೆಸರಿನ ಸಂಖ್ಯೆ ತಪ್ಪಾಗಿ ಬರಬಹುದಾದ ಎಲ್ಲ ದಾರಿಗಳನ್ನೂ ಹುಡುಕಿದೆ. ಅಲ್ಲಿ ಇಲ್ಲಿ ತಡೆ ಹಾಕಿ ಪರೀಕ್ಷಿಸಿದೆ. ಮ್ಯಾನೇಜರಿಗೆ, "ಸಿಕ್ಕೈತೆ ಸರ್, ಇನ್ನೆರಡು ದಿನ ಕೊಡ್ರಿ" ಎಂದು ಧೈರ್ಯದಿಂದ ಹೇಳಿದೆ. ಬರೆದವಳೇ ತೋರಿಸಿದ ಮೇಲೆ ಇನ್ನೇನು ಅನುಮಾನ? ತಿದ್ದಿ ಕಳಿಸಿದೆ. ಅವರು ಹಾಕಿದರು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಪ್ರೋಗ್ರಾಮು ಸತ್ತಿತು.

"ಮೇಡಂ, ನಮ್ಮ ಮೇಲಿನವರು ಕೇಳ್ತಿದ್ದಾರೆ. ಇದನ್ನ ಬರೆದವರು ಯಾರು, ಅವರ ಹತ್ರ ನೇರ ಮಾತಾಡಿಸಿ ಅಂತ. ನಾನೇನು ಹೇಳಲಿ?"

ಆಮೇಲೆ ಮಾಡುತ್ತೇನೆಂದು ಫೋನು ಇಟ್ಟೆ.

ಮತ್ತೆ ಹರಿಹರಕ್ಕೆ ಹೋದೆ. ಈ ಸಲ ಅವಳ ಅತ್ತೆ ಪಕ್ಕದಲ್ಲೇ ಕೂತು ಅವಳ ಬಲಗೈಗೆ ಎಣ್ಣೆ ನೀವುತ್ತಿದ್ದರು. ನಾನು ಪರದೆಯ ಮೇಲೆ ಬೇರೆ ಸಾಲು ತೋರಿಸಿ, "ಇಲ್ಲಾಂದ್ರೆ ಇದಾ?" ಎಂದು ಕೇಳಿದೆ.

"ಅದೇ" ಅಂದಳು.

ಇನ್ನೊಂದು ತೋರಿಸಿದೆ. "ಅದೇ." ಖಾಲಿ ಜಾಗ ತೋರಿಸಿದೆ. "ಅದೇ."

ಅವಳ ಅತ್ತೆ ನನ್ನ ಮುಖ ನೋಡಿದರು. ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಯವ್ವಾ, ಆಕೆ ನೀರಿಗೂ ಅದೇ ಅಂತಾಳೆ, ಅನ್ನಕ್ಕೂ ಅದೇ ಅಂತಾಳೆ. ಮಗನ್ನ ಕರೆಯೋಕೂ ಅದೇ. ಅದೊಂದೇ ಮಾತು ಉಳಿದೈತೆ. ನಿಂಗೆ ಅವತ್ತೇ ಹೇಳ್ಬೇಕಂತ ನನ್ನ ಮಗ ಬಾಯಿ ತೆಗೆದಿದ್ದ, ನೀ ನಿಂದ್ರಲೇ ಇಲ್ಲ."

ನಾನು ಲ್ಯಾಪ್‌ಟಾಪು ಮುಚ್ಚಿದೆ. ಗೆಳತಿ ನನ್ನ ಮುಖವನ್ನೂ ಅತ್ತೆಯ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು. ನಾವು ಏನು ಮಾತಾಡಿಕೊಂಡೆವೆಂದು ಅವಳಿಗೆ ಅರ್ಥವಾಯಿತು. ಎಡಗೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಒಮ್ಮೆಯಲ್ಲ. ಅತ್ತೆ ಮತ್ತು ನಾನು ಸೇರಿ ಆ ಕೈಯನ್ನು ಹಿಡಿಯಬೇಕಾಯಿತು. ಅವಳ ಬಾಯಿಂದ ಬರುತ್ತಿದ್ದದ್ದು ಆಗಲೂ ಅದೊಂದೇ ಮಾತು.

ಅಲ್ಲಿಂದ ಹೊರಟವಳು ಬಸ್‌ಸ್ಟ್ಯಾಂಡಿಗೆ ಹೋಗಲಿಲ್ಲ. ಹೊಳೆಯ ಕಡೆ ನಡೆದೆ. ಬೇಸಿಗೆ, ತುಂಗಭದ್ರೆಯಲ್ಲಿ ಅಲ್ಲಲ್ಲಿ ಬಂಡೆಗಳು ಎದ್ದಿದ್ದವು, ನಡುವೆ ನಿಂತ ನೀರು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಯಾಕವ್ವ, ಒಬ್ಬಾಕೆ ಕುಂತೀಯಲ್ಲ?" ಎಂದು ಕೇಳಿದಳು. ಗಾಬರಿಯಾಗಿರಬೇಕು ಅವಳಿಗೆ. "ಸುಮ್ನೆ" ಅಂದೆ. ನಿಜಕ್ಕೂ ಆಗ ನನಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಲೈಬ್ರರಿ ಹೋದರೆ ಹೋಗಲಿ. ಆದರೆ ಅವಳು ಬದುಕಿನಲ್ಲಿ ಮಾಡಿದ ಕೆಲಸಗಳಲ್ಲಿ ಅವಳಿಗೆ ಹೆಮ್ಮೆಯಿದ್ದದ್ದು ಅದೊಂದೇ. ಅದು ಕೆಟ್ಟಿದೆ, ಅವಳು ಅದನ್ನು ಓದಲಾರಳು, ನಾನು ಅದನ್ನು ತಿಳಿಯಲಾರೆ. ಅವಳ ಮುಂದೆ ಪರದೆ ಹಿಡಿದು ಇಷ್ಟನ್ನೂ ನಾನೇ ಅವಳಿಗೆ ತಿಳಿಸಿಕೊಟ್ಟೆ.

ಮರುದಿನ ಬೆಳಿಗ್ಗೆ ಮೇಷ್ಟರಾದ ನಮ್ಮ ಮನೆಯವರು ಶಾಲೆಗೆ ಹೋದ ಮೇಲೆ ಮೇಜಿನ ಮುಂದೆ ಕೂತೆ. ಯಾವ ಉಪಾಯವೂ ಉಳಿದಿರಲಿಲ್ಲ. ಮಾಡಬೇಡ ಎಂದು ಅವಳು ಹೇಳಿದ್ದನ್ನೇ ಮಾಡಿದೆ. ಹೊಸ ಸಿಸ್ಟಮ್ ಮೇಲೆ, ಆ ನಲವತ್ತು ಸಾಲುಗಳ ಒಳಗೆ, ಒಂದು ಹೆಜ್ಜೆ ನಡೆಸಿ ನಿಲ್ಲಿಸಿದೆ. ಅವಳ ಮಾತಿನ ಪ್ರಕಾರ ಅದು ಬಾಗಿಲಿಗೆ ಹಿಂತಿರುಗಬೇಕಿತ್ತು. ಹಿಂತಿರುಗಲಿಲ್ಲ. ಸತ್ತಿತು.

ಮತ್ತೆ ಮಾಡಿದೆ. ಸತ್ತಿತು. ಎಷ್ಟು ಸಲ ಮಾಡಿದರೂ ಸತ್ತಿತು.

ಅಷ್ಟು ದಿನ ಎಲ್ಲೋ ಒಮ್ಮೆ ಸಾಯುತ್ತಿದ್ದದ್ದು ಈಗ ಕೇಳಿದಾಗೆಲ್ಲ ಸಾಯುತ್ತಿತ್ತು. ಅಂದರೆ ಡಬ್ಬಿಯಲ್ಲಿ ತಪ್ಪಿಲ್ಲ, ಪ್ರೊಸೆಸರಿನ ಸಂಖ್ಯೆಯಲ್ಲಿ ತಪ್ಪಿಲ್ಲ. ನಡುವೆ ಎಬ್ಬಿಸಿದ ಗಳಿಗೆಯಲ್ಲೇ ಸಾಯುತ್ತಿದೆ. ಎಬ್ಬಿಸುವುದು ಕರ್ನೆಲ್, ಹಾಗಾದರೆ ಕೊಲ್ಲುತ್ತಿರುವುದೂ ಅದೇ ಇರಬೇಕು. ಕರ್ನೆಲ್ಲಿನ ಮೂಲವನ್ನು ಯಾರು ಬೇಕಾದರೂ ಓದಬಹುದು. ತೆರೆದು ಓದಿದೆ.

ಕರ್ನೆಲ್ ಪ್ರೋಗ್ರಾಮನ್ನು ಬಾಗಿಲಿಗೆ ಕಳಿಸುವ ಮುಂಚೆ ಆ ಬಾಗಿಲು ನಿಜವಾದದ್ದೋ, ಯಾರಾದರೂ ಕಳ್ಳರು ಇಟ್ಟದ್ದೋ ಎಂದು ಪರೀಕ್ಷಿಸುತ್ತದೆ. ಬಾಗಿಲಿನ ಮುಂದೆಯೇ ನಾಲ್ಕು ಬೈಟಿನ ಒಂದು ಗುರುತು ಇರಬೇಕು. ಪ್ರೋಗ್ರಾಮು ಕರ್ನೆಲ್ಲಿನಲ್ಲಿ ಹೆಸರು ನೋಂದಾಯಿಸುವಾಗ ಯಾವ ಗುರುತು ಕೊಟ್ಟಿತ್ತೋ ಅದೇ ಅಲ್ಲಿಯೂ ಇರಬೇಕು. ಹೊಂದದಿದ್ದರೆ ಕರ್ನೆಲ್ ಏನನ್ನೂ ಕೇಳುವುದಿಲ್ಲ, ಅಲ್ಲೇ ಕೊಲ್ಲುತ್ತದೆ.

ಹಳೆಯ ಸಿಸ್ಟಮ್‌ನಲ್ಲಿ ನೋಂದಣಿ ಮಾಡುತ್ತಿದ್ದದ್ದು ನಮ್ಮ ಲೈಬ್ರರಿ, ಗೆಳತಿ ಆರಿಸಿದ ಗುರುತಿನೊಂದಿಗೆ. ಹೊಸದರಲ್ಲಿ ಎಲ್ಲ ಪ್ರೋಗ್ರಾಮುಗಳೂ ಬಳಸುವ ಮೂಲ ಲೈಬ್ರರಿಯೇ ಮುಂಚಿತವಾಗಿ, ತನ್ನದೇ ಗುರುತಿನೊಂದಿಗೆ ನೋಂದಣಿ ಮಾಡಿಬಿಡುತ್ತದೆ. ಇಂಥದ್ದೊಂದು ದಿನ ಬರಬಹುದೆಂದು ಅವಳು ಊಹಿಸಿದ್ದಳು. 'ಬೇರೆ ಯಾರಾದರೂ ಆಗಲೇ ನೋಂದಾಯಿಸಿದ್ದರೆ ಅವರದನ್ನೇ ಬಳಸು' ಎಂದು ಬರೆದೂ ಇದ್ದಳು. ಬಾಗಿಲಿನ ಗುರುತನ್ನು ಬದಲಿಸಲು ಮಾತ್ರ ಮರೆತಿದ್ದಳು, ಅಲ್ಲಿ ಅವಳದೇ ಉಳಿದಿತ್ತು. ಎಬ್ಬಿಸದಿದ್ದರೆ ಯಾರೂ ಬಾಗಿಲ ಕಡೆ ನೋಡುವುದಿಲ್ಲ, ಪ್ರೋಗ್ರಾಮು ಬದುಕುತ್ತದೆ. ಗದ್ದಲ ಹೆಚ್ಚಾದರೆ ಎಬ್ಬಿಸುವುದೂ ಹೆಚ್ಚು, ಸಾವೂ ಹೆಚ್ಚು.

ಬಾಗಿಲಿನ ಗುರುತಿನ ಆ ಒಂದು ಸಂಖ್ಯೆಯನ್ನು ಮೂಲ ಲೈಬ್ರರಿಯದಕ್ಕೆ ಬದಲಿಸಿದೆ. ಗದ್ದಲ ಹಾಕಿ ಓಡಿಸಿದೆ. ಸಂಜೆ ದೀಪ ಹಚ್ಚುವವರೆಗೂ ಓಡಿತು, ಸಾಯಲಿಲ್ಲ. ಕುಣಿದಾಡಬೇಕಿತ್ತು ನಾನು. ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಯಾಕೆಂದರೆ ಇಂಥದ್ದನ್ನು ಕಂಡಾಗ ಮೊದಲು ಹೇಳಬೇಕಾದವಳು ಅವಳು, "ಥೂ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಬಡಿದುಕೊಂಡು ನಗಬೇಕಾದವಳೂ ಅವಳೇ.

ಕಂಪನಿಯವರು ತಿದ್ದಿದ್ದನ್ನು ಹಾಕಿದರು. ಸಾವು ನಿಂತಿತು. ಕೆಲವು ದಿನ ಬಿಟ್ಟು ಮ್ಯಾನೇಜರು ಫೋನು ಮಾಡಿ ತುಂಬ ಮರ್ಯಾದೆಯಿಂದ ಮಾತಾಡಿದರು. "ಮೇಡಂ, ನೀವು ಕಷ್ಟಪಟ್ಟು ಹಿಡಿದಿರಿ, ಗೊತ್ತು. ಆದ್ರೆ ಬರೆದವರೇ ಇಲ್ಲದ ವಸ್ತುವಿನ ಮೇಲೆ ನಡೆಯೋಕೆ ಆಗಲ್ಲ ಅಂತ ತೀರ್ಮಾನ ಆಗಿದೆ. ಎಲ್ಲರೂ ಬಳಸೋ ಒಂದು ಲೈಬ್ರರಿಗೆ ಹೋಗ್ತಿದ್ದೀವಿ."

"ಬರೆದವಳು ಇದಾಳೆ ಸರ್" ಅಂದೆ.

"ಕ್ಷಮಿಸಿ ಮೇಡಂ. ನಾನು ಆ ಅರ್ಥದಲ್ಲಿ ಹೇಳಲಿಲ್ಲ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹರಿಹರಕ್ಕೆ ಹೋಗಿ ತಪ್ಪು ಸಿಕ್ಕಿದ ವಿಷಯವನ್ನಷ್ಟೇ ಹೇಳಿದೆ, ಕಂಪನಿ ಬಿಟ್ಟು ಹೋದದ್ದನ್ನು ಹೇಳಲಿಲ್ಲ. ಪರದೆ ತೋರಿಸದೆ, ಬಾಯಲ್ಲೇ, ನಿಧಾನವಾಗಿ ಹೇಳಿದೆ. ಗುರುತು ಎಂಬ ಮಾತು ಬಂದಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ತಿಳಿಯಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. "ಆ ನಂಬರ್ ಯಾವುದಿತ್ತು? ಏನಾದ್ರೂ ಅರ್ಥ ಐತಾ ಅದಕ್ಕೆ?" ಎಂದು ಅವಳ ಗಂಡ ಆಸೆಯಿಂದ ಕೇಳಿದರು. ಹೆಂಡತಿಯ ತಲೆಯೊಳಗಿನದು ಏನಾದರೂ ಸಿಕ್ಕೀತೆಂಬ ಆಸೆ. ಏನೂ ಇಲ್ಲ, ಕೈಗೆ ಬಂದ ಅಂಕೆಗಳನ್ನು ಒತ್ತಿದ್ದಾಳೆ ಅಂದೆ. ಅವರು ಅಂಗಡಿಯ ಬೀಗದ ಕೈ ಎತ್ತಿಕೊಂಡು ಹೊರಟುಹೋದರು.

ಒಂದು ದಿನ ಅವರೇ ನನ್ನನ್ನು ಹೊರಗೆ ಕರೆದು, "ಅಕ್ಕಾರೆ, ಆಕೆ ಕಂಪ್ಯೂಟರ್ ನೀವು ಒಯ್ದುಬಿಡ್ರಿ. ಕಣ್ಣಿಗೆ ಬಿದ್ದ ದಿನ ಊಟ ಬಿಡ್ತಾಳೆ" ಅಂದರು. ಮೇಲಿನ ಕೋಣೆಯಿಂದ ಅದನ್ನು ಬ್ಯಾಗಿಗೆ ಹಾಕಿಕೊಂಡು ಕೆಳಗಿಳಿದೆ. ಅವಳು ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದಳು. ದಾಟಲು ಹೋದೆ, ಬ್ಯಾಗಿನ ಪಟ್ಟಿಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ನಾ ಇಟ್ಕಂಡಿರ್ತೀನಿ, ಬೇಕಂದಾಗ ತರ್ತೀನಿ" ಅಂದೆ. ಬಿಡಲಿಲ್ಲ. ಅವಳ ಆ ಒಂದೇ ಕೈಯಲ್ಲಿ ಅಷ್ಟು ಶಕ್ತಿಯಿದೆಯೆಂದು ನನಗೆ ತಿಳಿದಿರಲಿಲ್ಲ. ಬ್ಯಾಗನ್ನು ಅಲ್ಲೇ ಇಟ್ಟು ಬಂದೆ. ಗಂಡನೂ ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಈಗ ದಾವಣಗೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಗುರುವಾರ ನನಗೆ ಮಧ್ಯಾಹ್ನದ ಮೇಲೆ ಬಿಡುವು. ಅಂದು ಗೆಳತಿಗೆ ಆಸ್ಪತ್ರೆಯಲ್ಲಿ ಮಾತು ಕಲಿಸುವ ತರಗತಿ. ಮಧ್ಯಾಹ್ನ ಅವಳ ಗಂಡ ತಂದು ಬಿಡುತ್ತಾರೆ, ವಾಪಸ್ ನಾನು ಬಸ್ಸಿನಲ್ಲಿ ಕರೆದೊಯ್ಯುತ್ತೇನೆ. ಕಲಿಸುವ ಹುಡುಗಿ ತಾಳ್ಮೆಯವಳು. ಹಸು, ಕೊಡೆ, ಬಾಳೆಹಣ್ಣು ಎಂದು ಚಿತ್ರಗಳನ್ನು ತೋರಿಸುತ್ತಾಳೆ. ಗೆಳತಿ ಕೆಲವು ಸಲ ಹೇಳುತ್ತಾಳೆ, ಕೆಲವು ಸಲ ಚಿತ್ರಗಳನ್ನು ನೆಲಕ್ಕೆ ಚೆಲ್ಲುತ್ತಾಳೆ. ಈಗ ಒಂದಷ್ಟು ಮಾತುಗಳು ಬಂದಿವೆ. ಮಗನ ಹೆಸರು ಬಂದಿದೆ. ನನ್ನದು ಇನ್ನೂ ಬಂದಿಲ್ಲ.

ಹೋದ ಗುರುವಾರ ಬಸ್ಸು ತುಂಬಿತ್ತು. ಕಿಟಕಿಯ ಪಕ್ಕ ಅವಳಿಗೆ ಹೇಗೋ ಸೀಟು ಸಿಕ್ಕಿತು, ನಾನು ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಹರಿಯುತ್ತಾ ಬಂದವರು ಅವಳನ್ನೇ ಕೇಳಿದರು: "ಎಲ್ಲಿಗ್ರಿ ಅಮ್ಮಾ?"

ಅವಳು ತಲೆಯೆತ್ತಿದಳು. ಬಾಯಿ ತೆರೆದಳು. "ಹ..." ಅಂದಳು. ಕತ್ತಿನ ನರ ಉಬ್ಬಿತು. "ಹ... ಹರ..."

"ಬೇಗ ಹೇಳ್ರಮ್ಮಾ, ಹಿಂದೆ ಭಾಳ ಜನ ಅದಾರೆ."

"ಹರಿಹರ. ಎರಡು ಕೊಡ್ರಿ" ಅಂದುಬಿಟ್ಟೆ ನಾನು.

ಕಂಡಕ್ಟರು ಎರಡು ಟಿಕೆಟ್ ಹರಿದು ನನ್ನ ಕೈಗಿತ್ತು ಮುಂದೆ ಹೋದರು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ದೊಡ್ಡಬಾತಿ ದಾಟಿದರೂ ತಿರುಗಲಿಲ್ಲ. ನಾನು ಹೆಗಲ ಮೇಲೆ ಕೈಯಿಟ್ಟೆ, ಹೆಗಲು ಕೊಡವಿದಳು. ಹರಿಹರದಲ್ಲಿ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ಕಂಬಿ ಹಿಡಿದು, ಬಲಗಾಲನ್ನು ಎಳೆದು, ತಾನೇ ಇಳಿದಳು. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನನಗಿಂತ ಮುಂದೆ, ಮನೆಯ ದಾರಿ ಹಿಡಿದು ನಡೆದಳು. ನಾನು ಅವಳ ಹಿಂದೆ, ಅವಳ ನಡಿಗೆಯಷ್ಟೇ ನಿಧಾನವಾಗಿ ಹೋದೆ.